ಕಾಲೇಜಿನ ಜತೆಗೆ ಪರೀಕ್ಷಾ ಪಾಠ: ಗಡಿನಾಡಿನ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಡಿಗ್ರಿ, ಬಿ.ಎಡ್. ಅಥವಾ ಸ್ನಾತಕೋತ್ತರ ಓದುತ್ತಿರುವ ನಮ್ಮ ಗಡಿ ಊರುಗಳ ಯುವಕ ಯುವತಿಯರು ಸಂಜೆ ಹೊತ್ತು ಟ್ಯೂಷನ್ ಹೇಳಿ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕದ ಖರ್ಚು ನೀಗಿಸಿಕೊಳ್ಳುವುದು ಹೊಸತಲ್ಲ. ಹೆಚ್ಚಿನವರು ಶಾಲೆಯ ಪಾಠವನ್ನೇ ಮತ್ತೊಮ್ಮೆ ಹೇಳಿಕೊಡುತ್ತಾರೆ. ಆ ಕೆಲಸಕ್ಕೆ ಊರಿನಲ್ಲಿ ಜನ ಇದ್ದಾರೆ. ಜನ ಇಲ್ಲದಿರುವುದು ಸ್ಪರ್ಧಾ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯುವ ಮಕ್ಕಳಿಗೆ. ಕಾಸರಗೋಡಿನ ಅಂಗಡಿಯಲ್ಲಿ ಸಿಗುವ ಗೈಡು ಮಲಯಾಳದಲ್ಲಿ, ಸೊಲ್ಲಾಪುರದಲ್ಲಿ ಸಿಗುವುದು ಮರಾಠಿಯಲ್ಲಿ, ಆದೋನಿಯಲ್ಲಿ ಸಿಗುವುದು ತೆಲುಗಿನಲ್ಲಿ. ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಬರುತ್ತದೆ. ಈ ಅಂತರದಲ್ಲಿ ಜಾಣ ಮಕ್ಕಳೂ ಅಂಕ ಕಳೆದುಕೊಳ್ಳುತ್ತಾರೆ. ಅದನ್ನು ತುಂಬಬಲ್ಲವರು ಅದೇ ಶಾಲೆಯಲ್ಲಿ, ಅದೇ ಮಾಧ್ಯಮದಲ್ಲಿ ಓದಿ ಈಗ ಕಾಲೇಜು ಸೇರಿದವರು. ಪರ ಊರಿನ ಕೋಚಿಂಗ್ ಸೆಂಟರಿನಿಂದ ಇದು ಆಗುವ ಕೆಲಸವಲ್ಲ.

ಹೀಗೆ ಪಾಠ ಶುರು ಮಾಡಬೇಕೆಂದಿರುವ ವಿದ್ಯಾರ್ಥಿಗಳಿಗೂ, ಅವರ ಬಳಿ ಮಕ್ಕಳನ್ನು ಕಳಿಸುವ ತಂದೆ ತಾಯಂದಿರಿಗೂ ಬೇಕಾಗುವ ವಿಷಯಗಳನ್ನು ಇಲ್ಲಿ ಒಟ್ಟುಮಾಡಲಾಗಿದೆ.

ಯಾವ ಪರೀಕ್ಷೆ?

ಒಂದೇ ಒಂದು ಪರೀಕ್ಷೆಯನ್ನು ಆರಿಸಿಕೊಳ್ಳಿ. "ಎಲ್ಲ ಪರೀಕ್ಷೆಗೂ ತರಬೇತಿ" ಎಂದು ಬೋರ್ಡು ಹಾಕಿದರೆ ಮೊದಲ ತಿಂಗಳಲ್ಲೇ ಉಸಿರು ಕಟ್ಟುತ್ತದೆ. ನಮ್ಮ ಊರುಗಳ ಮಟ್ಟಿಗೆ ಹೊಸಬರಿಗೆ ಒಗ್ಗುವಂಥವು ನಾಲ್ಕು.

ಮೊದಲನೆಯದು ಎನ್‌ಎಂಎಂಎಸ್, ಅಂದರೆ ಎಂಟನೆಯ ತರಗತಿಯವರಿಗೆ ನಡೆಯುವ ರಾಷ್ಟ್ರೀಯ ಆದಾಯ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನದ ಪರೀಕ್ಷೆ. ನನ್ನ ಅಭಿಪ್ರಾಯದಲ್ಲಿ ಶುರು ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಕೇಂದ್ರ ಸರಕಾರದ ಈ ಯೋಜನೆ 2008ರಲ್ಲಿ ಆರಂಭವಾಯಿತು. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನ. ಅದರಲ್ಲಿ ಮಹಾರಾಷ್ಟ್ರದ ಪಾಲು 11,682, ಕೇರಳದ್ದು 3,473. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿ ತನಕ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ತಂದೆ ತಾಯಿಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು, ಏಳನೆಯ ತರಗತಿಯಲ್ಲಿ ಶೇಕಡ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರಲ್ಲಿ ಶೇಕಡ 5ರ ರಿಯಾಯಿತಿ. ಸರಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ ಅವಕಾಶ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹೆಚ್ಚಿನವು ಈ ಸಾಲಿಗೇ ಸೇರಿದವು. ಬೀಡಿ ಕಟ್ಟುವ, ಗದ್ದೆ ಕೆಲಸದ ಮನೆಗಳಿಗೆ 48,000 ರೂಪಾಯಿ ಎಂದರೆ ಮಗುವನ್ನು ಹತ್ತನೆಯ ತರಗತಿಗೇ ಬಿಡಿಸುವುದೋ ಓದಿಸುವುದೋ ಎಂಬ ತೀರ್ಮಾನದ ಪ್ರಶ್ನೆ.

ಎರಡನೆಯದು ಆರನೆಯ ತರಗತಿಗೆ ಸೇರುವ ನವೋದಯ ಪ್ರವೇಶ ಪರೀಕ್ಷೆ. ತಮಿಳುನಾಡಿನಲ್ಲಿ ನವೋದಯ ಶಾಲೆಗಳಿಲ್ಲ, ಹಾಗಾಗಿ ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ಇದು ಅನ್ವಯಿಸದು. ಉಳಿದ ಕಡೆ ಪ್ರತಿ ಜಿಲ್ಲೆಯ ಶಾಲೆಗೆ ಆ ಜಿಲ್ಲೆಯ ಮಕ್ಕಳಷ್ಟೇ ಬರೆಯಬಹುದು, ಕನಿಷ್ಠ ಶೇಕಡ 75 ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಗಡಿಯವರು ಇಲ್ಲೊಂದು ಕಡೆ ಎಡವುತ್ತಾರೆ. ಮಗುವಿನ ಮನೆಯೂ ಐದನೆಯ ತರಗತಿ ಓದುವ ಶಾಲೆಯೂ ಒಂದೇ ಜಿಲ್ಲೆಯಲ್ಲಿರಬೇಕು. ಮನೆ ಮಂಜೇಶ್ವರದ ಕಡೆ, ಶಾಲೆ ತಲಪಾಡಿ ದಾಟಿ ದಕ್ಷಿಣ ಕನ್ನಡದಲ್ಲಿ ಎಂದಾದರೆ ಎರಡು ಜಿಲ್ಲೆಯಲ್ಲೂ ಅರ್ಹತೆ ಸಿಗದು. ಪಾಠಕ್ಕೆ ಸೇರಿಸಿಕೊಳ್ಳುವ ಮುಂಚೆಯೇ ಇದನ್ನು ಕೇಳಿ ತಿಳಿಯಬೇಕು, ಫೀಸು ತೆಗೆದುಕೊಂಡ ಮೇಲಲ್ಲ.

ಮೂರನೆಯವು ರಾಜ್ಯಗಳ ಶಾಲಾ ವಿದ್ಯಾರ್ಥಿವೇತನ ಪರೀಕ್ಷೆಗಳು. ಕೇರಳದಲ್ಲಿ ನಾಲ್ಕನೆಯ ತರಗತಿಗೆ ಎಲ್‌ಎಸ್‌ಎಸ್, ಏಳನೆಯದಕ್ಕೆ ಯುಎಸ್‌ಎಸ್ ಎಂದು ಎಲ್ಲರಿಗೂ ಪರಿಚಿತ. ಮಹಾರಾಷ್ಟ್ರದಲ್ಲಿ ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಶಿಷ್ಯವೃತ್ತಿ ಪರೀಕ್ಷೆಗೆ ದೊಡ್ಡ ಹೆಸರಿದೆ. ಅಕ್ಕಲಕೋಟೆ, ಜತ್ತ ಕಡೆಯ ಶಾಲೆಗಳು ಫಲಿತಾಂಶವನ್ನು ಫಲಕದ ಮೇಲೆ ಬರೆದು ಹಾಕುವಷ್ಟು.

ನಾಲ್ಕನೆಯದು ಕರ್ನಾಟಕದ ಸಿಇಟಿಗೆ ಹೋಗುವ ಗಡಿನಾಡು, ಹೊರನಾಡು ಕನ್ನಡಿಗ ಅಭ್ಯರ್ಥಿಗಳ ಕನ್ನಡ ಭಾಷಾ ಪರೀಕ್ಷೆ. ಇದನ್ನು ಹೇಳಿಕೊಡುವವರು ಬಹಳ ಕಡಿಮೆ. ಅದರ ವಿವರ ಮುಂದೆ ಬೇರೆಯಾಗಿಯೇ ಇದೆ.

ಪ್ರಶ್ನೆಪತ್ರಿಕೆಯ ಸ್ವರೂಪ

ಎನ್‌ಎಂಎಂಎಸ್‌ನಲ್ಲಿ ಎರಡು ಪತ್ರಿಕೆ. ಬೌದ್ಧಿಕ ಸಾಮರ್ಥ್ಯ 90 ಪ್ರಶ್ನೆ, 90 ನಿಮಿಷ. ಶೈಕ್ಷಣಿಕ ಸಾಮರ್ಥ್ಯವೂ 90 ಪ್ರಶ್ನೆ, 90 ನಿಮಿಷ. ಇದರಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಶೇಕಡ 40 ಬಂದರೆ ಉತ್ತೀರ್ಣ, ಪರಿಶಿಷ್ಟರಿಗೆ 32. ಆದರೆ ಉತ್ತೀರ್ಣರಾದವರೆಲ್ಲ ಆಯ್ಕೆಯಾಗುವುದಿಲ್ಲ, ಕೋಟಾದೊಳಗೆ ಅಂಕದ ಕ್ರಮದಲ್ಲಿ ಆಯ್ಕೆ. ಈ ವ್ಯತ್ಯಾಸವನ್ನು ಪೋಷಕರಿಗೆ ಮೊದಲ ದಿನವೇ ಬಿಡಿಸಿ ಹೇಳಿ.

ಮಕ್ಕಳಿಗೆ ಕೊಡಲು ಹಳೆಯ ಪ್ರಶ್ನೆಪತ್ರಿಕೆ ಬೇಕೇಬೇಕು. ಕನ್ನಡದ ಹಳೆಯ ಎನ್‌ಎಂಎಂಎಸ್ ಪತ್ರಿಕೆಗಳು ಹೆಚ್ಚು ಸಿಗುವುದು ಸಹಜವಾಗಿ ಕರ್ನಾಟಕದವು. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯನ್ನು ಕಣ್ಣುಮುಚ್ಚಿ ಬಳಸಬಹುದು. ಸರಣಿ, ಸಂಕೇತ, ದಿಕ್ಕು, ಕನ್ನಡಿ ಬಿಂಬ ಎಲ್ಲ ರಾಜ್ಯದಲ್ಲೂ ಒಂದೇ. ಶೈಕ್ಷಣಿಕ ಪತ್ರಿಕೆಯನ್ನು ಹಾಗೆ ಬಳಸಬಾರದು. ಅದು ಆಯಾ ರಾಜ್ಯದ ಪಠ್ಯದ ಮೇಲೆ ನಿಂತಿದೆ. ಕರ್ನಾಟಕದ ಸಮಾಜ ವಿಜ್ಞಾನದ 35 ಪ್ರಶ್ನೆಗಳನ್ನು ಕುಂಬಳೆಯ ಮಗುವಿಗೆ ಬಾಯಿಪಾಠ ಮಾಡಿಸಿದರೆ ಅವನ ಪಠ್ಯದಲ್ಲಿರುವ ಪಾಠ ಬಿಟ್ಟು ಬೇರೆಲ್ಲ ಕಲಿಸಿದ ಹಾಗಾಯಿತು. ಇನ್ನೊಂದು ಸಂಗತಿ: ಕೇರಳದಲ್ಲಿ 2024-25ರಲ್ಲಿ 1, 3, 5, 7, 9ನೆಯ ತರಗತಿಗಳಿಗೂ ಮರುವರ್ಷ 2, 4, 6, 8, 10ಕ್ಕೂ ಹೊಸ ಪಠ್ಯಪುಸ್ತಕ ಬಂದಿದೆ. ಹಾಗಾಗಿ ಅದಕ್ಕೆ ಹಿಂದಿನ ಕೇರಳದ ಪತ್ರಿಕೆಗಳನ್ನೂ ಈಗಿನ ಪುಸ್ತಕದ ಜತೆ ಹೋಲಿಸಿಯೇ ಕೊಡಬೇಕು. ಕನ್ನಡ ಮಾಧ್ಯಮದ ಪುಸ್ತಕಗಳು ಕೇರಳದ "ಸಮಗ್ರ" ಜಾಲತಾಣದಲ್ಲೂ, ಮಹಾರಾಷ್ಟ್ರದ್ದು ಬಾಲಭಾರತಿಯ ತಾಣದಲ್ಲೂ ಉಚಿತವಾಗಿ ಸಿಗುತ್ತವೆ. ಇವು ಕೈಯಲ್ಲಿದ್ದರೆ ಗೈಡಿಗೆ ಹಣ ಕೊಡುವ ಅಗತ್ಯವೇ ಇಲ್ಲ.

ನವೋದಯದ ಪತ್ರಿಕೆ ಎರಡು ಗಂಟೆಯದು: 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆಗೆ 50 ಅಂಕ, ಅಂಕಗಣಿತ 20ಕ್ಕೆ 25, ಭಾಷೆ 20ಕ್ಕೆ 25. ಮಾನಸಿಕ ಸಾಮರ್ಥ್ಯದ ಭಾಗವೆಲ್ಲ ಚಿತ್ರ, ಆಕೃತಿಗಳು. ಅಂದರೆ ಅರ್ಧ ಅಂಕ ಭಾಷೆಯ ಹಂಗಿಲ್ಲದೆ ಸಿಗುತ್ತದೆ. ಭಾಷೆಯ ಭಾಗದಲ್ಲಿ ಒಂದೊಂದು ಗದ್ಯಭಾಗ ಓದಿ ಐದೈದು ಪ್ರಶ್ನೆಗೆ ಉತ್ತರ. ಮನೆಯಲ್ಲಿ ಕನ್ನಡ ಪತ್ರಿಕೆ, ಕಥೆ ಪುಸ್ತಕ ಓದುವ ಅಭ್ಯಾಸ ಇರುವ ಮಗುವಿಗೆ ಇದು ನೀರು ಕುಡಿದಷ್ಟು ಸುಲಭ. ಬರೀ ಪಠ್ಯ ಉರು ಹೊಡೆದವರಿಗೆ ಕಷ್ಟ.

ಮಹಾರಾಷ್ಟ್ರದ ಶಿಷ್ಯವೃತ್ತಿ ಪರೀಕ್ಷೆ 150 ಅಂಕದ ಎರಡು ಪತ್ರಿಕೆಗಳದು. ಮೊದಲನೆಯದರಲ್ಲಿ ಪ್ರಥಮ ಭಾಷೆ ಮತ್ತು ಗಣಿತ, ಎರಡನೆಯದರಲ್ಲಿ ತೃತೀಯ ಭಾಷೆ ಮತ್ತು ಬುದ್ಧಿಮತ್ತೆ. ಎಂಟನೆಯ ತರಗತಿಯ ಪತ್ರಿಕೆಯಲ್ಲಿ ಶೇಕಡ 20ರಷ್ಟು ಪ್ರಶ್ನೆಗಳಿಗೆ ನಾಲ್ಕರಲ್ಲಿ ಎರಡು ಪರ್ಯಾಯ ಸರಿ ಇರಬಹುದು, ಎರಡನ್ನೂ ಗುರುತಿಸಿದರೆ ಮಾತ್ರ ಅಂಕ. ಒಂದು ಸರಿ ಉತ್ತರ ಕಂಡ ಕೂಡಲೇ ಮುಂದಕ್ಕೆ ಓಡುವ ಚುರುಕು ಮಕ್ಕಳೇ ಇಲ್ಲಿ ಹೆಚ್ಚು ಸೋಲುತ್ತಾರೆ. ಪ್ರಶ್ನೆಯ ಕೊನೆಯಲ್ಲಿ "ಎರಡು ಪರ್ಯಾಯ ಆರಿಸಿ" ಎಂಬ ಸೂಚನೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಅಭ್ಯಾಸ ಮಾಡಿಸಿ. ಯಾವ ತರಗತಿಗೆ ಪರೀಕ್ಷೆ ಎಂಬುದನ್ನು ಸರಕಾರ ಆಗಾಗ ಬದಲಾಯಿಸಿದೆ, ಆದ್ದರಿಂದ ಆ ವರ್ಷದ ಪ್ರಕಟಣೆ ನೋಡಿಯೇ ಗುಂಪು ಕಟ್ಟಬೇಕು.

ಶಬ್ದಗಳ ತೊಡಕು

ಗಡಿನಾಡಿನ ಟ್ಯೂಟರ್ ಮಾಡಬಹುದಾದ ಅತಿ ದೊಡ್ಡ ಉಪಕಾರ ಇಲ್ಲಿದೆ. ಒಂದೇ ಲೆಕ್ಕದ ಹೆಸರು ನೋಡಿ. ಕನ್ನಡದಲ್ಲಿ ಲಸಾಅ. ಮರಾಠಿ ಗೈಡಿನಲ್ಲಿ ಅದೇ ಲಸಾವಿ, ಮಲಯಾಳದಲ್ಲಿ ಲಸಾಗು, ತೆಲುಗಿನಲ್ಲಿ ಕಸಾಗು, ತಮಿಳಿನಲ್ಲಿ ಮೀಪೊಮ. ಮಸಾಅಕ್ಕೆ ಮರಾಠಿಯಲ್ಲಿ ಮಸಾವಿ, ಮಲಯಾಳದಲ್ಲಿ ಉಸಾಘ, ತೆಲುಗಿನಲ್ಲಿ ಗಸಾಭಾ, ತಮಿಳಿನಲ್ಲಿ ಮೀಪೊವ. ಅಣ್ಣನೋ ಅಕ್ಕನೋ ಪಕ್ಕದ ಮನೆಯವರೋ ಬೇರೆ ಮಾಧ್ಯಮದಲ್ಲಿ ಓದಿ ಬಂದು ಲೆಕ್ಕ ಹೇಳಿಕೊಟ್ಟರೆ ಮಗುವಿಗೆ ವಿಧಾನ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಪತ್ರಿಕೆಯಲ್ಲಿ "ಲಸಾಅ ಕಂಡುಹಿಡಿಯಿರಿ" ಎಂದು ಕಂಡಾಗ ಗೊತ್ತಿರುವ ಲೆಕ್ಕವೇ ಹೊಸ ಲೆಕ್ಕವಾಗುತ್ತದೆ. ಕನ್ನಡದಲ್ಲೇ ಇನ್ನೊಂದು ಗೋಜಲು ಇದೆ: ಲಸಾಅದ ಕೊನೆಯ "ಅ" ಅಪವರ್ತ್ಯ, ಮಸಾಅದ ಕೊನೆಯ "ಅ" ಅಪವರ್ತನ. 6ರ ಅಪವರ್ತ್ಯಗಳು 6, 12, 18 ಹೀಗೆ ಮುಗಿಯದ ಸಾಲು. ಅಪವರ್ತನಗಳು 1, 2, 3, 6 ಅಷ್ಟೇ. ಒಂದಿಡೀ ದಿನ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಬೇರೆ ಹೆಸರುಗಳಿಗಿಂತ ಮೋಸಗೊಳಿಸುವವು ಒಂದೇ ಥರ ಕೇಳಿಸಿ ಬೇರೆ ಅರ್ಥ ಕೊಡುವ ಶಬ್ದಗಳು. ಮಲಯಾಳದ ಗಣಿತದಲ್ಲಿ "ಘಟಕಂ" ಎಂದರೆ ಅಪವರ್ತನ. ಕನ್ನಡದ ಮಗುವಿಗೆ ಘಟಕ ಎಂದರೆ ಪಾಠದ ಭಾಗ ಅಥವಾ ಯಾವುದಾದರೂ ಸಂಸ್ಥೆಯ ಶಾಖೆ. ಮರಾಠಿಯ "ಮೂಳ ಸಂಖ್ಯಾ" ನಮ್ಮ ಅವಿಭಾಜ್ಯ ಸಂಖ್ಯೆ. ಕನ್ನಡದಲ್ಲಿ ಮೂಲ ಸಂಖ್ಯೆ ಎಂದರೆ ಮೊದಲು ಕೊಟ್ಟಿದ್ದ ಸಂಖ್ಯೆ ಎಂದೇ ಮಗು ತಿಳಿಯುತ್ತದೆ. ಮರಾಠಿಯ "ಅಪೂರ್ಣಾಂಕ" ನಮ್ಮ ಭಿನ್ನರಾಶಿ. ತೆಲುಗಿನ "ಪ್ರಧಾನ ಸಂಖ್ಯ", ತಮಿಳಿನ "ಪಗಾ ಎಣ್" ಎರಡೂ ಅವಿಭಾಜ್ಯವೇ. ಮರಾಠಿಯ ಮುದ್ದಲ ನಮ್ಮ ಅಸಲು, ಮಲಯಾಳದ ಪಲಿಶ ನಮ್ಮ ಬಡ್ಡಿ, ಪರಪ್ಪಳವು ನಮ್ಮ ವಿಸ್ತೀರ್ಣ. ಸರಾಸರಿ ಮಾತ್ರ ಮರಾಠಿಯಲ್ಲೂ ಮಲಯಾಳದಲ್ಲೂ ಹೆಚ್ಚುಕಡಿಮೆ ಅದೇ ಉಚ್ಚಾರ, ಅದೊಂದು ಸಮಾಧಾನ.

ಆದ್ದರಿಂದ ಒಂದು ನೂರು ಪುಟದ ನೋಟುಬುಕ್ ಮಾಡಿ. ಎಡಕ್ಕೆ ನಿಮ್ಮ ರಾಜ್ಯದ ಕನ್ನಡ ಪಠ್ಯಪುಸ್ತಕದಲ್ಲಿರುವ ಶಬ್ದ, ಪಕ್ಕದಲ್ಲಿ ಅಲ್ಲಿನ ರಾಜ್ಯಭಾಷೆಯ ಶಬ್ದ, ಕೊನೆಗೆ ಒಂದು ಸಣ್ಣ ಉದಾಹರಣೆ. ಪಠ್ಯದ ಶಬ್ದವೇ ಎಡಕ್ಕೆ ಇರಬೇಕು, ಕರ್ನಾಟಕದ ಪುಸ್ತಕದ್ದಲ್ಲ. ಪರೀಕ್ಷೆಯ ಕನ್ನಡ ರೂಪವನ್ನು ತಯಾರಿಸುವವರು ಕೈಗೆತ್ತಿಕೊಳ್ಳುವುದು ಹೆಚ್ಚಾಗಿ ಅಲ್ಲಿನ ಪುಸ್ತಕವನ್ನೇ. ಎರಡು ವರ್ಷ ಪಾಠ ಮಾಡಿದರೆ ಈ ನೋಟುಬುಕ್ಕೇ ನಿಮ್ಮ ಬಂಡವಾಳ.

ಬೌದ್ಧಿಕ ಸಾಮರ್ಥ್ಯದಲ್ಲೂ ಭಾಷೆಯ ಮುಳ್ಳುಗಳಿವೆ. ಸಂಬಂಧದ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. ಕನ್ನಡದ "ಮಾವ" ತಾಯಿಯ ಅಣ್ಣತಮ್ಮನೂ ಹೌದು, ಗಂಡ ಅಥವಾ ಹೆಂಡತಿಯ ತಂದೆಯೂ ಹೌದು. "ಅತ್ತೆ" ತಂದೆಯ ಅಕ್ಕತಂಗಿಯೂ ಹೌದು, ಮದುವೆಯಿಂದ ಬಂದ ಅತ್ತೆಯೂ ಹೌದು. ಬೇರೆ ಭಾಷೆಯಿಂದ ಅನುವಾದವಾದ ಪ್ರಶ್ನೆಯಲ್ಲಿ "ರವಿಯ ಮಾವನ ಮಗಳು" ಎಂದಿದ್ದರೆ ಮಗು ತಲೆ ಕೆರೆದುಕೊಳ್ಳುವುದು ನ್ಯಾಯವೇ. ಸೋದರಿಕೆಯಲ್ಲಿ ಮದುವೆ ನಡೆಯುವ ಮನೆಗಳಲ್ಲಂತೂ ಇಬ್ಬರೂ ಒಬ್ಬರೇ ಆಗಿರುತ್ತಾರೆ! ಇಂಥಲ್ಲಿ ಹೆಸರು ಹಿಡಿದು ಹೋಗದೆ ಗೆರೆ ಎಳೆದು ವಂಶವೃಕ್ಷ ಬರೆಸಿ, ನಾಲ್ಕು ಉತ್ತರಗಳಲ್ಲಿ ಯಾವ ಅರ್ಥಕ್ಕೆ ಜಾಗವಿದೆ ಎಂದು ನೋಡಲು ಕಲಿಸಿ. ದಿಕ್ಕಿನ ಪ್ರಶ್ನೆಯಲ್ಲೂ ಹಾಗೆಯೇ. ಕರಾವಳಿಯ ಮಗುವಿಗೆ ಮೂಡು, ಪಡು, ತೆಂಕು, ಬಡಗು ರಕ್ತದಲ್ಲೇ ಇದೆ, ಪತ್ರಿಕೆ ಕೇಳುವುದು ಈಶಾನ್ಯ, ನೈಋತ್ಯ. ಮನೆಯ ಅಂಗಳದಲ್ಲಿ ನಿಲ್ಲಿಸಿ ತೋರಿಸಿದರೆ ಹತ್ತು ನಿಮಿಷದ ಕೆಲಸ.

ಸಂಕೇತದ ಪ್ರಶ್ನೆಗಳು ಕನ್ನಡ ಪತ್ರಿಕೆಯಲ್ಲೂ ಇಂಗ್ಲಿಷ್ ವರ್ಣಮಾಲೆಯ ಮೇಲೆ ಬರುವುದುಂಟು. ಅಕ್ಷರಗಳ ಕ್ರಮಸಂಖ್ಯೆ ಗೊತ್ತಿಲ್ಲದೆ ಬೆರಳೆಣಿಸುತ್ತ ಕೂತರೆ ಹೊತ್ತು ಹೋಗುತ್ತದೆ. ಐದರ ಮೆಟ್ಟಿಲು ಕಲಿಸಿ: ಇ 5, ಜೆ 10, ಓ 15, ಟಿ 20, ವೈ 25. ಉಳಿದ ಅಕ್ಷರಗಳಿಗೆ ಅಲ್ಲಿಂದ ಒಂದೆರಡು ಹೆಜ್ಜೆ ಹಿಂದೆ ಮುಂದೆ ಹೋದರೆ ಸಾಕು.

ಅರ್ಜಿಯ ಮಾಧ್ಯಮದ ಕಾಲಂ

ಪಾಠ ಎಷ್ಟೇ ಚೆನ್ನಾಗಿರಲಿ, ಅರ್ಜಿ ತುಂಬುವಾಗ ಮಾಧ್ಯಮದ ಕಾಲಂನಲ್ಲಿ ತಪ್ಪಾದರೆ ಎಲ್ಲ ಹಾಳು. ಶಾಲೆಯ ಕಚೇರಿಯಲ್ಲೋ ಸೈಬರ್ ಅಂಗಡಿಯಲ್ಲೋ ತುಂಬುವವರು ಎಲ್ಲರಿಗೂ ಹಾಕಿದ ಹಾಗೆ ರಾಜ್ಯಭಾಷೆಯನ್ನೇ ಒತ್ತಿಬಿಡುವುದಿದೆ. ಮಹಾರಾಷ್ಟ್ರದ ಎನ್‌ಎಂಎಂಎಸ್ ಮತ್ತು ಶಿಷ್ಯವೃತ್ತಿ ಪರೀಕ್ಷೆಗಳೆರಡೂ ಕನ್ನಡದಲ್ಲಿ ಇವೆ. ಕೇರಳದ ಎನ್‌ಎಂಎಂಎಸ್ ಕೂಡ ಕನ್ನಡದಲ್ಲಿ ಬರೆಯಬಹುದು. ಅರ್ಜಿಯ ಪ್ರತಿಯನ್ನು ತರಿಸಿ, ಮಾಧ್ಯಮ, ಹೆಸರಿನ ಕಾಗುಣಿತ, ಹುಟ್ಟಿದ ದಿನ ಮೂರನ್ನೂ ನೀವೇ ಓದಿ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ನಮ್ಮ ಮಕ್ಕಳ ಹೆಸರು ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಆಗಿರುತ್ತದೆ. ಹಣ ಜಮೆಯಾಗುವ ಹೊತ್ತಿಗೆ ಅದು ಕಾಡುತ್ತದೆ.

ದೊಡ್ಡ ಮಕ್ಕಳಿಗೂ ಇದೇ ಮಾತು. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಕನ್ನಡದ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡನ್ನೋ ಸೊಲ್ಲಾಪುರವನ್ನೋ ಕೇಂದ್ರವಾಗಿ ಆರಿಸಿದರೆ ಕನ್ನಡ ಸಿಗದು. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷ್ ರೂಪವೇ ಅಂತಿಮ ಎಂಬ ನಿಯಮವೂ ಇದೆ. ಹಾಗಾಗಿ ಕನ್ನಡ ಪತ್ರಿಕೆ ತೆಗೆದುಕೊಂಡವರೂ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪ ತಿಳಿದಿರಬೇಕು.

ಪರೀಕ್ಷೆ ಮುಗಿದ ಮೇಲೂ ಟ್ಯೂಟರ್‌ಗೆ ಒಂದು ಕೆಲಸ ಉಳಿಯುತ್ತದೆ. ಮಹಾರಾಷ್ಟ್ರದ ಪರೀಕ್ಷಾ ಪರಿಷತ್ತು ತಾತ್ಕಾಲಿಕ ಉತ್ತರಸೂಚಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಮರಾಠಿ ಪತ್ರಿಕೆಯ ತಪ್ಪಿಗೆ ಆಕ್ಷೇಪಿಸುವವರು ಬಹಳ ಮಂದಿ. ಕನ್ನಡ ಪತ್ರಿಕೆಯಲ್ಲಿ ಅನುವಾದ ತಪ್ಪಿದ್ದರೆ ಅದನ್ನು ಗಮನಿಸಿ ಬರೆದು ಕಳಿಸುವವರು ಯಾರು? ಪತ್ರಿಕೆ ಮನೆಗೆ ತರಲು ಬಿಡುವ ಪರೀಕ್ಷೆಗಳಲ್ಲಿ ಅದೇ ದಿನ ಮಕ್ಕಳೊಡನೆ ಕೂತು ಓದಿ, ತಪ್ಪಿದ್ದರೆ ಪ್ರಶ್ನೆಯ ಸಂಖ್ಯೆ, ಪಠ್ಯಪುಸ್ತಕದ ಪುಟ ಸಮೇತ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಲು ಪೋಷಕರಿಗೂ ಶಾಲೆಗೂ ನೆರವಾಗಿ. ಒಂದು ಪ್ರಶ್ನೆಯ ಅಂಕ ಆಯ್ಕೆಪಟ್ಟಿಯಲ್ಲಿ ಬಹಳ ದೂರ ಸಾಗುತ್ತದೆ.

ಸಿಇಟಿಯ ಕನ್ನಡ ಪರೀಕ್ಷೆ

ಕನ್ನಡ ಬಿ.ಎ., ಎಂ.ಎ. ಓದುತ್ತಿರುವವರಿಗೆ ಹೇಳಿ ಮಾಡಿಸಿದಂಥ ಕೆಲಸವಿದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದಂತೆ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವ ಗಡಿನಾಡು ಅಭ್ಯರ್ಥಿಗಳಿಗೆ ಪ್ರತ್ಯೇಕ ಅರ್ಹತಾ ಷರತ್ತು ಇದೆ. ಅದು ಹೆಸರಿಸುವ ತಾಲೂಕುಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ ಮತ್ತು ಮಂಜೇಶ್ವರ. ಅಲ್ಲಿ ನೆಲೆಸಿರುವುದರ ಜತೆಗೆ ಒಂದರಿಂದ ಹನ್ನೆರಡರ ನಡುವೆ ಏಳು ವರ್ಷ ಅಲ್ಲಿಯೇ ಓದಿರಬೇಕು. ಉಳಿದ ಕಡೆಯವರು ಹೊರನಾಡು ಕನ್ನಡಿಗರ ಷರತ್ತನ್ನು ನೋಡಬೇಕು. ಮಾಹಿತಿ ಪುಸ್ತಿಕೆ ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಹಿಂದಿನ ವರ್ಷದ ಸ್ಕ್ರೀನ್‌ಶಾಟ್ ನಂಬಿ ಸರ್ಟಿಫಿಕೇಟು ಮಾಡಿಸಬೇಡಿ.

ಈ ಷರತ್ತಿನಲ್ಲಿ ಬರುವವರು ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕು. 50 ಅಂಕದಲ್ಲಿ 12 ಬಂದರೆ ಸಾಕು, ಮಟ್ಟ ನಾಲ್ಕನೆಯ ತರಗತಿಯದು. ಕೇಳಿದವರು ನಗುತ್ತಾರೆ. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮಲಯಾಳ ಎಂದು ಹನ್ನೆರಡು ವರ್ಷ ಕಳೆದ ಹುಡುಗನಿಗೆ ಕನ್ನಡ ಮಾತು ಬರುತ್ತದೆ, ಒತ್ತಕ್ಷರ ಬರುವುದಿಲ್ಲ. ಭೌತಶಾಸ್ತ್ರ, ಗಣಿತಕ್ಕೆ ಎರಡು ವರ್ಷ ಕೋಚಿಂಗಿಗೆ ಸುರಿದ ಹಣವೆಲ್ಲ ಈ 12 ಅಂಕದಲ್ಲಿ ಸಿಕ್ಕಿಕೊಳ್ಳಬಾರದು. ಮಲಯಾಳ ಲಿಪಿ ಬಲ್ಲವರಿಗೆ ವರ್ಣಮಾಲೆಯ ಕ್ರಮ ಆಗಲೇ ಗೊತ್ತಿರುವುದರಿಂದ ಅಕ್ಷರಕ್ಕೆ ಅಕ್ಷರ ಜೋಡಿಸಿ ಕಲಿಸಿದರೆ ಬೇಗ ಹಿಡಿಯುತ್ತಾರೆ. ಮರಾಠಿ ಬಲ್ಲವರೂ ಹಾಗೆಯೇ, ಹ್ರಸ್ವ ಎ, ಒ ಮಾತ್ರ ಅವರಿಗೆ ಹೊಸದು. ಫೆಬ್ರವರಿ, ಮಾರ್ಚಿನಲ್ಲಿ ವಾರಕ್ಕೆ ಮೂರು ದಿನ, ಒಂದೊಂದು ಗಂಟೆ: ಮೊದಲು ಒತ್ತಕ್ಷರ, ಆಮೇಲೆ ದಿನಕ್ಕೊಂದು ಪುಟ ಓದು, ಉಕ್ತಲೇಖನ, ಕೊನೆಗೆ ನಾಲ್ಕು ಸಾಲಿನ ಪತ್ರ. ಎರಡು ತಿಂಗಳು ಧಾರಾಳ.

ಹಣ, ಹೊತ್ತು, ಜಾಗ

ಫೀಸು ಕೇಳಲು ಸಂಕೋಚಪಡುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ ಆರು ಮಕ್ಕಳು, ತಲಾ 300 ರೂಪಾಯಿ, ತಿಂಗಳಿಗೆ 1,800. ತಿಂಗಳಿಗೆ ಹನ್ನೆರಡು ದಿನ ಒಂದೂವರೆ ಗಂಟೆ ಪಾಠ ಎಂದರೆ 18 ಗಂಟೆ. ತಯಾರಿ ದಿನಕ್ಕೆ ಮುಕ್ಕಾಲು ಗಂಟೆಯಂತೆ 9. ಉತ್ತರ ತಿದ್ದಲು 6. ಒಟ್ಟು 33 ಗಂಟೆ. ಝೆರಾಕ್ಸಿಗೆ 200 ಹೋದರೆ ಉಳಿದದ್ದು 1,600, ಗಂಟೆಗೆ 48 ರೂಪಾಯಿ ಚಿಲ್ಲರೆ. ಅದೇ ಪಾಠಕ್ಕೆ ಇನ್ನೊಂದು ಗುಂಪು ಮಾಡಿದರೆ ತಯಾರಿಯ 9 ಗಂಟೆ ಎರಡನೆಯ ಸಲ ಬೇಡ: 57 ಗಂಟೆಗೆ 3,200, ಅಂದರೆ ಗಂಟೆಗೆ 56. ಲಾಭ ಹೆಚ್ಚಾಗುವುದು ಹೀಗೆ. ಹತ್ತು ಬಗೆಯ ಪರೀಕ್ಷೆ ಹಿಡಿದರೆ ತಯಾರಿ ಹತ್ತು ಪಾಲಾಗುತ್ತದೆ, ಗಳಿಕೆ ಹತ್ತು ಪಾಲಾಗುವುದಿಲ್ಲ.

ಆದರೆ 57 ಗಂಟೆ ಎಂದರೆ ನಿಮ್ಮ ಓದಿನಿಂದ ದಿನಕ್ಕೆ ಸುಮಾರು ಎರಡು ಗಂಟೆ ಹೋಯಿತು. ನಿಮ್ಮ ಸೆಮಿಸ್ಟರ್ ಪರೀಕ್ಷೆ ಬರುವ ತಿಂಗಳನ್ನು ಮೊದಲೇ ಪೋಷಕರಿಗೆ ತಿಳಿಸಿ, ಆ ತಿಂಗಳು ಅರ್ಧ ಫೀಸು, ವಾರಕ್ಕೊಂದೇ ಪಾಠ ಎಂದು ಮಾತಾಡಿಕೊಳ್ಳಿ. ಶಾಲಾ ಮಕ್ಕಳ ಪರೀಕ್ಷೆಗಳು ಹೆಚ್ಚಾಗಿ ನವೆಂಬರಿನಿಂದ ಫೆಬ್ರವರಿಯೊಳಗೆ ಬರುತ್ತವೆ, ಕಾಲೇಜಿನವೂ ಆಗಲೇ. ಜೂನ್, ಜುಲೈಯಲ್ಲೇ ಶುರು ಮಾಡಿದವರಿಗೆ ಕೊನೆಯ ತಿಂಗಳಲ್ಲಿ ಹಳೆಯ ಪತ್ರಿಕೆ ಬಿಡಿಸುವುದಷ್ಟೇ ಉಳಿಯುತ್ತದೆ.

ಫೀಸು ಕೊಡಲಾಗದ ಮನೆಯ ಮಗುವೇ ಈ ವಿದ್ಯಾರ್ಥಿವೇತನ ಹೆಚ್ಚು ಬೇಕಾದ ಮಗು. ಆರರಲ್ಲಿ ಒಂದು ಜಾಗವನ್ನು ಉಚಿತ ಇಟ್ಟುಕೊಳ್ಳುವವರಿದ್ದಾರೆ. ಯಾರದು ಉಚಿತ ಎಂಬುದು ಉಳಿದ ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು. "ಸೆಲೆಕ್ಟ್ ಆದರೆ ಮೊದಲ ಕಂತಿನಲ್ಲಿ ಪಾಲು ಕೊಡಿ" ಎಂಬ ಒಪ್ಪಂದ ಮಾತ್ರ ಬೇಡವೇ ಬೇಡ. ಅದು ಮಗುವಿನ ಓದಿನ ಹಣ.

ಪಾಠ ನಡೆಸುವ ಜಾಗ ತೆರೆದ ಜಗಲಿ, ಗ್ರಂಥಾಲಯ, ಸಂಘದ ಕೋಣೆ ಅಥವಾ ಒಬ್ಬ ಪೋಷಕರ ಮನೆ ಆಗಿರಲಿ, ಅಲ್ಲೊಬ್ಬರು ಹಿರಿಯರು ಓಡಾಡುತ್ತಿರಲಿ. ವಾಟ್ಸಾಪ್ ಗುಂಪು ಪೋಷಕರ ನಂಬರಿನಲ್ಲಿ, ಮಕ್ಕಳ ನಂಬರಿನಲ್ಲಿ ಅಲ್ಲ. ಸಂಜೆ ಕತ್ತಲಾಗುವ ಮುಂಚೆ ಬಿಡಿ. ಇವು ಮಕ್ಕಳಿಗೂ ರಕ್ಷಣೆ, ಹೇಳಿಕೊಡುವವರಿಗೂ ರಕ್ಷಣೆ.

ಕಾನೂನಿನ ವಿಷಯ ಹೆಚ್ಚೇನಿಲ್ಲ. ಕೋಚಿಂಗ್ ಸೆಂಟರುಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಅನ್ವಯಿಸುತ್ತದೆ. 16 ವರ್ಷದೊಳಗಿನವರನ್ನು ಸೇರಿಸಬಾರದು, ಪಾಠ ಹೇಳುವವರು ಪದವೀಧರರಾಗಿರಬೇಕು ಎಂಬವು ಅದರಲ್ಲಿವೆ. ಆರೆಂಟು ಮಕ್ಕಳ ಸಂಜೆ ಪಾಠ ಅದರಡಿ ಬರುವುದಿಲ್ಲ. ಆದರೆ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ದಿನಗಳ ಫೀಸು ಹಿಂತಿರುಗಿಸಬೇಕು ಎಂಬ ಅದರ ನಿಯಮವನ್ನು ಸಣ್ಣವರೂ ಪಾಲಿಸಿದರೆ ಊರಿನಲ್ಲಿ ಹೆಸರು ಉಳಿಯುತ್ತದೆ. "ನೂರಕ್ಕೆ ನೂರು ಆಯ್ಕೆ" ಎಂದು ಪೋಸ್ಟರ್ ಹಾಕಬೇಡಿ, ಕಳೆದ ವರ್ಷ ಗೆದ್ದ ಮಗುವಿನ ಫೋಟೊವನ್ನು ಕೇಳದೆ ಬಳಸಬೇಡಿ. ಬಿ.ಎಡ್. ಮುಗಿಸಿ ಶಾಲೆಯ ಕೆಲಸ ಸಿಕ್ಕಿದ ದಿನ ಟ್ಯೂಷನ್ ನಿಲ್ಲಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಂ ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸಿದೆ.

ಗೆದ್ದ ಮೇಲೆ

ಎನ್‌ಎಂಎಂಎಸ್ ಸಿಕ್ಕಿದ ಮಕ್ಕಳಲ್ಲಿ ನಾಲ್ಕು ವರ್ಷದ ಹಣವನ್ನೂ ಪೂರ್ತಿ ಪಡೆಯದವರಿದ್ದಾರೆ. ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ನವೀಕರಣ ಮಾಡಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹತ್ತನೆಯ ತರಗತಿಯಲ್ಲಿ ಶೇಕಡ 60 ಬೇಕು, ಪರಿಶಿಷ್ಟರಿಗೆ 55. ನಮ್ಮ ಕಡೆ ಮುಖ್ಯವಾದದ್ದು ಇನ್ನೊಂದು: ವಿದ್ಯಾರ್ಥಿವೇತನ ಮುಂದುವರಿಯುವುದು ಸರಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲಿ ಓದಿದರೆ ಮಾತ್ರ. ಹತ್ತು ಮುಗಿದ ಕೂಡಲೇ ಮಂಗಳೂರು, ಪುತ್ತೂರಿನ ಖಾಸಗಿ ಪಿಯು ಕಾಲೇಜಿಗೆ ಸೇರಿಸಿದರೆ ಕೊನೆಯ ಎರಡು ವರ್ಷದ 24,000 ರೂಪಾಯಿ ನಿಲ್ಲುತ್ತದೆ. ಸೇರಿಸಬಾರದೆಂದಲ್ಲ, ಲೆಕ್ಕ ಗೊತ್ತಿದ್ದು ಸೇರಿಸಲಿ ಎಂದು. ಸಿಇಟಿಯ ಏಳು ವರ್ಷದ ಷರತ್ತನ್ನೂ ಆಗಲೇ ಎಣಿಸಿ ನೋಡುವುದು ಜಾಣತನ.

ನೀವು ಡಿಗ್ರಿ ಮುಗಿಸಿ ಕೆಲಸಕ್ಕೋ ಮುಂದಿನ ಓದಿಗೋ ಊರು ಬಿಡುವಾಗ ಶಬ್ದಗಳ ಆ ನೋಟುಬುಕ್, ಹಳೆಯ ಪತ್ರಿಕೆಗಳ ಕಟ್ಟು, ಯಾವ ತಿಂಗಳಲ್ಲಿ ಯಾವ ಅರ್ಜಿ ಎಂಬ ಪಟ್ಟಿ ಇಷ್ಟನ್ನು ಕೆಳಗಿನ ವರ್ಷದ ಒಬ್ಬರಿಗೆ ಒಪ್ಪಿಸಿ. ಒಂದು ಪ್ರತಿಯನ್ನು ಸಂಘದ ಗ್ರಂಥಾಲಯದಲ್ಲಿ ಇಟ್ಟರೆ ಬೇರೆ ಊರಿನವರೂ ಬಂದು ನಕಲು ಮಾಡಿಕೊಳ್ಳಬಹುದು.